‘ಅರ್ಥ ಆಯ್ತಾ’ ಎಂದು ಕೇಳದ ಪೆನ್ಸಿಲ್ ಮಿಸ್

ಬೆಳಗಿನ ಆರೂಕಾಲು. ಗೇಟು ಕಾಯುವ ತಾತ ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈಯಲ್ಲಿ ಬೀಗದ ಕೈ ಗೊಂಚಲು ಹಿಡಿದು ಬರುವಷ್ಟರಲ್ಲಿ ಎರಡನೇ ತರಗತಿಯ ಮೇಡಂ ಆಗಲೇ ಗೇಟಿನ ಮುಂದೆ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದಾರೆ.

“ಒಂದು ದಿನ ಆದ್ರೂ ನನಗಿಂತ ಮುಂಚೆ ಬಾ ಅಂತ ಎಷ್ಟು ಸಲ ಹೇಳ್ಬೇಕು ತಾತ?”

“ಒಂದು ದಿನ ಆದ್ರೂ ತಡವಾಗಿ ಬನ್ನಿ ಅಂತ ನಾನೂ ಹೇಳ್ತಾನೇ ಇದೀನಲ್ಲ ಮೇಡಮ್ಮೋರೇ.”

ಈ ವಾದ ಹನ್ನೊಂದು ವರ್ಷದಿಂದ ನಡೆಯುತ್ತಿದೆ. ಇಬ್ಬರಲ್ಲಿ ಒಬ್ಬರೂ ಸೋತಿಲ್ಲ. ಮೇಡಂ ಕೋಣೆಗೆ ಹೋಗಿ ಕಿಟಕಿ ತೆರೆಯುತ್ತಾರೆ, ಮಕ್ಕಳ ಕುಳ್ಳ ಬೆಂಚಿನ ಮೇಲೆ ಮಂಡಿ ಎದೆಗೆ ತಾಗುವಂತೆ ಕೂರುತ್ತಾರೆ. ಮುಂದೆ ಒಂದು ನೀಲಿ ಡಬ್ಬ, ಒಂದು ಕೆಂಪು ಡಬ್ಬ, ನಡುವೆ ಹಳೆಯ ಪತ್ರಿಕೆಯ ಹಾಳೆ. ನೀಲಿ ಡಬ್ಬದಲ್ಲಿ ನಿನ್ನೆ ಮುರಿದ, ಮೊಂಡಾದ ಪೆನ್ಸಿಲ್‌ಗಳಿವೆ. ಒಂದೊಂದನ್ನೇ ಮೆಂಡರ್‌ಗೆ ತೂರಿಸಿ ತಿರುಗಿಸುತ್ತಾರೆ. ಸಿಪ್ಪೆ ಸುರುಳಿ ಬಿಚ್ಚಿಕೊಂಡು ಹಾಳೆಯ ಮೇಲೆ ಬೀಳುತ್ತದೆ, ಚೂಪಾದದ್ದು ಕೆಂಪು ಡಬ್ಬ ಸೇರುತ್ತದೆ. ಪ್ರತಿ ಪೆನ್ಸಿಲ್‌ಗೂ ಒಂದೊಂದು ಬೈಗುಳ ಸಲ್ಲುತ್ತದೆ.

“ಇದು ಮೂರನೇ ಬೆಂಚಿನ ಹಲ್ಲು, ನೋಡಿದ್ರೇ ಗೊತ್ತಾಗುತ್ತೆ. ದಿನಾ ಇಷ್ಟಿಷ್ಟೇ ತಿಂದು ಮುಗಿಸ್ತಾ ಇದಾಳೆ. ಇದು ನೋಡಿ, ಎರಡೂ ಕಡೆ ಚೂಪು ಮಾಡಿದಾನೆ ಮಹಾನುಭಾವ. ಯಾಕಪ್ಪಾ ಅಂತ ಕೇಳಿದ್ರೆ, ಒಂದು ಕಡೆ ಲೆಕ್ಕಕ್ಕೆ, ಇನ್ನೊಂದು ಕಡೆ ಬರವಣಿಗೆಗೆ ಅಂತೆ!”

ಅವರ ಬಗ್ಗೆ ಬರೆಯಲು ಬಂದವರ ಕೈಗೂ ಒಂದು ಮೆಂಡರ್ ಬರುತ್ತದೆ. ಸುಮ್ಮನೆ ಕೂತು ನೋಡುವವರನ್ನು ಕಂಡರೆ ಅವರಿಗೆ ಆಗುವುದಿಲ್ಲ. ನಲವತ್ತಮೂರು ಮಕ್ಕಳು, ದಿನಕ್ಕೆ ಐವತ್ತು ಚೂಪು ಪೆನ್ಸಿಲ್, ಇಪ್ಪತ್ತೈದು ನಿಮಿಷ. ಮೂವತ್ತೊಂದು ವರ್ಷದಿಂದ ಇದು ತಪ್ಪಿಲ್ಲ. ಶಾಲೆಯಲ್ಲಿ ಅವರಿಗೆ ಪೆನ್ಸಿಲ್ ಮಿಸ್ ಎಂದೇ ಹೆಸರು. ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ಇದೇನು ದೊಡ್ಡ ಸೇವೆಯಲ್ಲ ಎಂದು ಅವರೇ ಮೂಗು ಮುರಿಯುತ್ತಾರೆ. “ಸೇವೆ ಅಂತ ಬರೆದ್ರೆ ಪೇಪರ್ ಹರಿದು ಹಾಕ್ತೀನಿ, ಹೇಳಿಬಿಟ್ಟಿದೀನಿ. ನನ್ನ ತಲೆನೋವು ಕಡಿಮೆ ಮಾಡ್ಕೊಳ್ಳೋಕೆ ಮಾಡೋದು. ಒಂದು ಮಗೂದು ಪೆನ್ಸಿಲ್ ಮುರೀತು ಅಂತಿಟ್ಕೊಳ್ಳಿ. ಅದು ಎದ್ದು ಪಕ್ಕದೋನ ಹತ್ರ ಮೆಂಡರ್ ಕೇಳುತ್ತೆ. ಅವನು ಕೊಡಲ್ಲ ಅಂತಾನೆ. ಇದು ಕಿತ್ಕೊಳ್ಳುತ್ತೆ. ಸಿಪ್ಪೆ ಚೆಲ್ಲುತ್ತೆ. ಯಾರು ಚೆಲ್ಲಿದ್ದು ಅಂತ ವಿಚಾರಣೆ. ನಾಲ್ಕು ಜನ ಸಾಕ್ಷಿ ಹೇಳ್ತಾರೆ, ಅದರಲ್ಲಿ ಇಬ್ಬರು ಅಲ್ಲಿ ಇರಲೇ ಇಲ್ಲ! ಹತ್ತು ನಿಮಿಷ ಹೋಯ್ತಾ? ಅದಕ್ಕೇ ನನ್ನ ಕ್ಲಾಸಲ್ಲಿ ಮುರಿದದ್ದು ನೀಲಿಗೆ ಹಾಕು, ಚೂಪಾದದ್ದು ಕೆಂಪಿಂದ ತಗೋ. ಯಾರನ್ನೂ ಕೇಳೋ ಹಾಗಿಲ್ಲ, ನನ್ನನ್ನೂ ಕೇಳೋ ಹಾಗಿಲ್ಲ.”

ಎಂಟೂವರೆಗೆ ಅವರು ಬಾಗಿಲಲ್ಲಿ ನಿಲ್ಲುತ್ತಾರೆ. ಒಳಗೆ ಹೋಗುವ ಪ್ರತಿ ಮಗುವಿನ ಮುಖವನ್ನೂ ಒಮ್ಮೆ ನೋಡಬೇಕು. ಅತ್ತು ಬಂದದ್ದು, ನಿದ್ದೆಗೆಟ್ಟು ಬಂದದ್ದು, ದಾರಿಯಲ್ಲಿ ಜಗಳ ಆಡಿಕೊಂಡು ಬಂದದ್ದು ಬಾಗಿಲಲ್ಲೇ ಗೊತ್ತಾಗಬೇಕು, ಒಳಗೆ ಹೋಗಿ ಸಿಡಿದ ಮೇಲಲ್ಲ. ಆಮೇಲೆ ಐದೂವರೆ ತಾಸು ಕಪ್ಪೆ ತೂಗುವ ಕೆಲಸ. ಈ ಬೆಂಚಿನವರನ್ನು ಕೂರಿಸಿದರೆ ಆ ಬೆಂಚಿನವರು ಏಳುತ್ತಾರೆ. “ಮಿಸ್, ಇವನು ನನ್ನ ಕಡೆ ನೋಡ್ತಾನೆ” ಎಂಬ ದೂರು ನಾವಿದ್ದ ದಿನ ಮಧ್ಯಾಹ್ನದೊಳಗೆ ಹದಿನೇಳು ಸಲ ಬಂತು. “ಮಿಸ್, ಇವನು ನನ್ನ ಕಡೆ ನೋಡೋದೇ ಇಲ್ಲ” ಎಂದು ಎರಡು ಸಲ ಬಂತು. ಪೆನ್ಸಿಲ್ ಮಿಸ್ ಹತ್ತೊಂಬತ್ತನ್ನೂ ಕೇಳಿದರು, ಹತ್ತೊಂಬತ್ತು ಸಲವೂ ಹಣೆ ಚಚ್ಚಿಕೊಂಡರು.

ಒಂದು ಸಲವೂ ಕೂಗಲಿಲ್ಲ. ಗದ್ದಲ ಏರಿದಾಗ ಅವರ ದನಿ ಇಳಿಯುತ್ತದೆ. ಎಷ್ಟು ಇಳಿಯುತ್ತದೆಂದರೆ ಮುಂದಿನ ಬೆಂಚಿನವರು ಕಿವಿ ಚಾಚುತ್ತಾರೆ, ಮಿಸ್ ಏನೋ ಗುಟ್ಟು ಹೇಳುತ್ತಿದ್ದಾರೆಂದು ಹಿಂದಿನ ಬೆಂಚಿನವರು ಮುಂದಿನವರನ್ನು ಸುಮ್ಮನಿರಿಸುತ್ತಾರೆ. ಇದನ್ನು ಅವರು ಯಾವ ತರಬೇತಿಯಲ್ಲೂ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಗಂಟಲು ಕಟ್ಟಿ ಒಂಬತ್ತು ದಿನ ಮಾತೇ ಹೊರಡದಿದ್ದಾಗ, ಆ ಒಂಬತ್ತು ದಿನವೇ ತರಗತಿ ಎಲ್ಲಕ್ಕಿಂತ ಚೆನ್ನಾಗಿ ನಡೆಯಿತಂತೆ.

ಅವರಿಗೆ ಇನ್ನೊಂದು ಹಟವಿದೆ. ಪಾಠ ಮುಗಿಸಿ “ಅರ್ಥ ಆಯ್ತಾ?” ಎಂದು ಅವರು ಕೇಳುವುದಿಲ್ಲ. ಬೇರೆ ಯಾರಾದರೂ ಕೇಳಿದರೆ ಅವರ ಹುಬ್ಬು ಗಂಟಿಕ್ಕುತ್ತದೆ. “ನಲವತ್ತು ಮಕ್ಕಳನ್ನ ಕೂರಿಸಿಕೊಂಡು ಅರ್ಥ ಆಯ್ತಾ ಅಂದ್ರೆ, ಆಯ್ತು ಮಿಸ್ ಅಂತ ಒಂದೇ ರಾಗದಲ್ಲಿ ಹೇಳ್ತಾವೆ. ಆಗಿಲ್ಲ ಅಂತ ಹೇಳೋಕೆ ಆ ಮಗೂಗೆ ಏನು ಹುಚ್ಚೇ? ಆಗಿಲ್ಲ ಅಂದ್ರೆ ಮತ್ತೆ ಅದೇ ಪಾಠ ಕೇಳ್ಬೇಕು!”

ಅದಕ್ಕೆ ಅವರ ಬಳಿ ಬಾಗಿಲ ಚೀಟಿ ಇದೆ. ಅವರ ಯಜಮಾನರಿಗೆ ಛಾಪಖಾನೆಯಲ್ಲಿ ಕಾಗದ ಕತ್ತರಿಸುವ ಕೆಲಸ. ಅಂಚಿನಲ್ಲಿ ಉಳಿದ ಎರಡು ಬೆರಳಗಲದ ಪಟ್ಟಿಗಳನ್ನು ವಾರಕ್ಕೊಮ್ಮೆ ಕಟ್ಟು ಕಟ್ಟಿ ತಂದುಕೊಡುತ್ತಾರೆ. ಮನೆಗೆ ಹೊರಡುವ ಮುಂಚೆ ಪ್ರತಿ ಮಗುವೂ ಒಂದು ಪಟ್ಟಿಯ ಮೇಲೆ ಆ ದಿನದ ಒಂದು ಲೆಕ್ಕವನ್ನೋ ಒಂದು ಸಾಲನ್ನೋ ಬರೆದು ಬಾಗಿಲಲ್ಲಿ ಮಿಸ್ ಕೈಗೆ ಕೊಟ್ಟು ಹೋಗಬೇಕು. ಬೈಗುಳ ಇಲ್ಲ, ಅಂಕ ಇಲ್ಲ. ಸಂಜೆ ಮನೆಯಲ್ಲಿ ಅವರು ಆ ಚೀಟಿಗಳನ್ನು ಮೂರು ಗುಡ್ಡೆ ಮಾಡುತ್ತಾರೆ: ಪಾಠ ಬಂದವರು, ಅರ್ಧ ಬಂದವರು, ಬರದವರು. ಮಾರನೇ ದಿನದ ಪಾಠ ಮೂರನೇ ಗುಡ್ಡೆಯಿಂದ ಶುರು.

“ಚೀಟಿ ನೋಡ್ತಾ ನೋಡ್ತಾ ಒಬ್ಬಳೇ ಬೈತಾ ಕೂತಿರ್ತಾಳೆ” ಎನ್ನುತ್ತಾರೆ ಯಜಮಾನರು. “ಮಕ್ಕಳಿಗೆ ಬೈತೀಯಾ ಅಂತ ಕೇಳಿದ್ರೆ, ಇಲ್ಲ, ನನಗೇ ಬೈಕೊಳ್ತಾ ಇದೀನಿ, ಸುಮ್ಮನಿರಿ ಅಂತಾಳೆ. ನಾನು ಸುಮ್ಮನಿರ್ತೀನಿ. ಮೂವತ್ತು ವರ್ಷದಲ್ಲಿ ಅಷ್ಟು ಕಲಿತಿದೀನಿ.”

ಶಾಲೆಯ ಒಳಗೆ ಇಷ್ಟೆಲ್ಲ ಇದ್ದರೂ ಮೇಲಿನವರ ಕಣ್ಣಿಗೆ ಬೀಳುವುದು ಗೋಡೆ ಮಾತ್ರ. ಹೋದ ವರ್ಷ ತಪಾಸಣೆಗೆ ಬಂದ ಅಧಿಕಾರಿ ಗೋಡೆಯ ಮೇಲೆ ಚಾರ್ಟು ಸಾಲದು ಎಂದು ಬರೆದು ಹೋದರು. ಮುಖ್ಯೋಪಾಧ್ಯಾಯರು ಹೆದರಿ ಇಪ್ಪತ್ತು ಬಣ್ಣದ ಚಾರ್ಟು ತರಿಸಿ, ಹರಿಯದಿರಲಿ ಎಂದು ಏಣಿ ಹಾಕಿಸಿ ಏಳಡಿ ಎತ್ತರದಲ್ಲಿ ಹೊಡೆಸಿದರು. “ನಾವು ಜಿರಾಫೆಗಳಿಗೆ ಪಾಠ ಮಾಡ್ತೀವಾ ಸರ್?” ಎಂದು ಪೆನ್ಸಿಲ್ ಮಿಸ್ ಕೇಳಿದ್ದಕ್ಕೆ ಮುಖ್ಯೋಪಾಧ್ಯಾಯರು ಒಂದು ವಾರ ಮಾತು ಬಿಟ್ಟರು. ಚಾರ್ಟುಗಳು ಈಗಲೂ ಅಲ್ಲೇ ಇವೆ, ಅವುಗಳ ಹಿಂದೆ ಎರಡು ಹಲ್ಲಿ ಸಂಸಾರ ಮಾಡಿಕೊಂಡಿವೆ.

ತರಬೇತಿಯ ಮಾತೆತ್ತಿದರಂತೂ ಅವರ ತಾಳ್ಮೆ ಮುಗಿದೇ ಹೋಗುತ್ತದೆ. ಮಕ್ಕಳಿಗೆ ಚಟುವಟಿಕೆಯಿಂದ ಕಲಿಸುವುದು ಹೇಗೆ ಎಂಬ ವಿಷಯದ ಮೇಲೆ ಮೂರು ದಿನ. ನೂರಿಪ್ಪತ್ತು ಶಿಕ್ಷಕರನ್ನು ಕುರ್ಚಿಯಿಂದ ಅಲುಗಾಡದ ಹಾಗೆ ಕೂರಿಸಿ, ಪರದೆಯ ಮೇಲೆ ಮೂಡಿದ ಸಾಲುಗಳನ್ನು ಒಬ್ಬರು ಗಟ್ಟಿಯಾಗಿ ಓದಿದರು. “ಕೊನೆಗೆ ಆ ಮನುಷ್ಯ ಏನು ಕೇಳಿದ ಗೊತ್ತಾ? ಅರ್ಥ ಆಯ್ತಾ ಅಂದ. ನಾವು ನೂರಿಪ್ಪತ್ತು ಜನ ಏನು ಹೇಳಿದ್ವಿ ಗೊತ್ತಾ? ಆಯ್ತು ಸರ್ ಅಂತ ರಾಗ ಎಳೆದ್ವಿ. ನಾನೂ ಎಳೆದೆ! ಊಟಕ್ಕೆ ಹೊತ್ತಾಗಿತ್ತು.”

ಅವರ ಈ ವರ್ಷದ ನಿಜವಾದ ತಲೆನೋವು ಗೋಡೆಯ ಆಚೆಗಿದೆ. ಎರಡನೇ ತರಗತಿಗೆ ಎರಡು ಕೋಣೆ, ನಡುವಿನ ಗೋಡೆ ಚಾವಣಿ ಮುಟ್ಟುವುದಿಲ್ಲ. ಮೇಲಿನ ಒಂದು ಮೊಳ ಜಾಗದಿಂದ ಆ ಕಡೆಯ ಸದ್ದೆಲ್ಲ ಈ ಕಡೆ ಸುರಿಯುತ್ತದೆ. ಆ ಕಡೆ ಮೂವತ್ತೊಂಬತ್ತು ಮಕ್ಕಳು. ನಾಲ್ಕು ವರ್ಷದಲ್ಲಿ ಅಲ್ಲಿಗೆ ಮೂವರು ಟೀಚರುಗಳು ಬಂದು ಮೂವರೂ ಹೋದರು. ಒಬ್ಬರು ಹೋದಾಗಲೆಲ್ಲ ಬೇರೆಯವರು ಬರುವ ತನಕ ಎರಡೂ ಕೋಣೆಯ ಮಕ್ಕಳು ಪೆನ್ಸಿಲ್ ಮಿಸ್ ಪಾಲು. ಹೋದ ವರ್ಷ ಎಂಬತ್ತು ಚಿಲ್ಲರೆ ಮಕ್ಕಳನ್ನು ಒಂದೇ ಕೋಣೆಯಲ್ಲಿ ಐದು ತಿಂಗಳು ತುಂಬಿಸಿದ್ದರು. ಕಿಟಕಿಯ ಕಟ್ಟೆಯ ಮೇಲೂ ಮಕ್ಕಳು. ಬಾಗಿಲ ಚೀಟಿ ನಿಂತೇ ಹೋಯಿತು.

“ಆ ಐದು ತಿಂಗಳು ನಾನು ಪಾಠ ಮಾಡಿಲ್ಲ, ದನ ಕಾದಿದೀನಿ. ಆ ಮಕ್ಕಳು ಈಗ ಮೂರನೇ ಕ್ಲಾಸಲ್ಲಿ ಕೂಡೋಕೆ ಬರದೆ ಕೂತಿದಾವೆ. ಎದುರಿಗೆ ಸಿಕ್ಕಿದ್ರೆ ನಮಸ್ತೆ ಮಿಸ್ ಅಂತಾವೆ. ನನಗೆ ನಾಚಿಕೆ ಆಗುತ್ತೆ” ಎನ್ನುವಾಗ ಅವರು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾರೆ.

ಈ ಸಲ ಆ ಕೋಣೆಗೆ ಬಂದಿರುವ ಹೊಸ ಮಿಸ್‌ಗೆ ಇಪ್ಪತ್ತನಾಲ್ಕು ವರ್ಷ, ಇದು ಮೊದಲ ಕೆಲಸ. ಓದಿನಲ್ಲಿ ಮುಂದು, ಬೋರ್ಡಿನ ಮೇಲೆ ಮುತ್ತು ಪೋಣಿಸಿದಂಥ ಅಕ್ಷರ. ಆದರೆ ಎರಡು ತಿಂಗಳಲ್ಲೇ ದನಿ ಒಡೆದು ಬಿಸಿನೀರಿನ ಫ್ಲಾಸ್ಕು ಹೆಗಲಿಗೇರಿದೆ. ಗೋಡೆಯ ಮೇಲಿಂದ ಹಾರಿಬರುವ ‘ಸೈಲೆನ್ಸ್!’ ಅನ್ನು ಪೆನ್ಸಿಲ್ ಮಿಸ್ ಒಂದು ದಿನ ಲೆಕ್ಕ ಹಾಕಿದರು: ನಲವತ್ತೇಳು. ಈ ವಾರದ ಸೋಮವಾರ ಹೊಸ ಮಿಸ್ ಮುಖ್ಯೋಪಾಧ್ಯಾಯರ ಮುಂದೆ ನಿಂತು, ಸೋದರಮಾವನ ಔಷಧಿ ಅಂಗಡಿಯಲ್ಲಿ ಕೂರಲು ಕರೆಯುತ್ತಿದ್ದಾರೆ, ಇರುವುದೋ ಬಿಡುವುದೋ ಶನಿವಾರ ಹೇಳುತ್ತೇನೆ ಎಂದಳು. ಮುಖ್ಯೋಪಾಧ್ಯಾಯರು ಪೆನ್ಸಿಲ್ ಮಿಸ್ ಅವರನ್ನು ಕರೆಸಿ, “ಹೇಗಿದ್ರೂ ನೀವಿದೀರಲ್ಲ ಮೇಡಂ” ಎಂದರು. ಆ ಮಾತು ಕೇಳಿ ಇವರಿಗೆ ಮೈಯೆಲ್ಲ ಉರಿಯಿತು. ಎಂಬತ್ತೆರಡು ಮಕ್ಕಳು ಕಣ್ಣ ಮುಂದೆ ಬಂದರು.

ಹಾಗೆಂದು ಇಷ್ಟು ದಿನ ಪೆನ್ಸಿಲ್ ಮಿಸ್ ಕೈಕಟ್ಟಿ ಕೂತಿರಲಿಲ್ಲ. ಮೂರು ವಾರದಿಂದ ಪ್ರತಿದಿನ ಮಧ್ಯಾಹ್ನದ ಬಿಡುವಿನಲ್ಲಿ ನೀರಿನ ನಲ್ಲಿಯ ಪಕ್ಕ ಹೊಸ ಮಿಸ್‌ಗೆ ಬುದ್ಧಿ ಹೇಳುತ್ತಲೇ ಬಂದಿದ್ದಾರೆ. ಬೋರ್ಡಿಗೆ ಅಂಟಿಕೊಂಡು ನಿಲ್ಲಬೇಡ, ಓಡಾಡು. ‘ಪುಸ್ತಕ ತೆಗಿ, ಹನ್ನೆರಡನೇ ಪುಟ, ದಿನಾಂಕ ಬರಿ, ಮಾತಾಡಬೇಡ’ ಎಂದು ನಾಲ್ಕು ಮಾತು ಒಟ್ಟಿಗೆ ಹೇಳಬೇಡ, ಒಂದು ಹೇಳಿ ಅದಾದ ಮೇಲೆ ಇನ್ನೊಂದು. ಪ್ರಶ್ನೆ ಮೊದಲು, ಹೆಸರು ಆಮೇಲೆ. ಹೆಸರು ಮೊದಲು ಕರೆದರೆ ಉಳಿದ ಮೂವತ್ತೆಂಟು ಜನಕ್ಕೆ ರಜೆ ಕೊಟ್ಟ ಹಾಗೆ. ಅತಿ ತರಲೆಗೆ ಕೆಲಸ ಕೊಡು, ಪುಸ್ತಕ ಹಂಚಿಸು. ತಪ್ಪು ಮಾಡಿದ್ದಕ್ಕೆ ನೂರು ಸಲ ಬರೆಸಬೇಡ, ಬರೆಯೋದನ್ನೇ ಶಿಕ್ಷೆ ಮಾಡಿದರೆ ನಾಳೆ ಯಾರು ಬರೀತಾರೆ?

ಹೊಸ ಮಿಸ್ ಎಲ್ಲಕ್ಕೂ ತಲೆಯಾಡಿಸುತ್ತಿದ್ದಳು, ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಗಂಟೆ ಹೊಡೆದ ಮೇಲೆ ಗೋಡೆಯಾಚೆಯಿಂದ ಮತ್ತದೇ ಸೈಲೆನ್ಸ್. ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. “ಇವಳಿಗೆ ತಲೆ ಇಲ್ವೋ, ನನಗೆ ಹೇಳೋಕೆ ಬರಲ್ವೋ ಅಂತ ತಲೆ ಕೆಟ್ಟು ಹೋಗಿತ್ತು. ನನಗೆ ಹೇಳೋಕೆ ಬರಲ್ಲ ಅನ್ನೋದನ್ನ ನಾನು ನಂಬಿರ್ಲಿಲ್ಲ ಬಿಡಿ. ಇವಳಿಗೇ ತಲೆ ಇಲ್ಲ ಅಂತ ತೀರ್ಮಾನ ಮಾಡಿದ್ದೆ.”

ಆ ತೀರ್ಮಾನ ಬುಧವಾರ ತಲೆಕೆಳಗಾಗುತ್ತದೆ. ನಲ್ಲಿಯ ಪಕ್ಕ ಆ ದಿನದ ಉಪದೇಶ ಮುಗಿಯುವ ಹೊತ್ತಿಗೆ ಪೆನ್ಸಿಲ್ ತಿನ್ನುವ ಮೂರನೇ ಬೆಂಚಿನ ಪುಟ್ಟಿ ನೀರಿನ ಬಾಟಲಿ ತುಂಬಿಸಿಕೊಳ್ಳಲು ಬಂದು ನಿಂತಿದ್ದಾಳೆ. ಪೆನ್ಸಿಲ್ ಮಿಸ್ ಸೆರಗು ಕೊಡವಿಕೊಂಡು ಹೊಸ ಮಿಸ್ ಕಡೆ ತಿರುಗಿ ಕೇಳುತ್ತಾರೆ: “ಅರ್ಥ ಆಯ್ತೇನಮ್ಮಾ?”

“ಆಯ್ತು ಮೇಡಂ.”

ಪುಟ್ಟಿ ಕಿಸಕ್ಕನೆ ನಗುತ್ತಾಳೆ. ಬಾಟಲಿ ತುಂಬಿ ನೀರು ಕಾಲ ಮೇಲೆ ಸುರಿಯುತ್ತಿದೆ, ಅವಳಿಗೆ ಅದರ ಪರಿವೆಯಿಲ್ಲ. “ಮಿಸ್, ಹಾಗೆ ಕೇಳ್ಬಾರ್ದು! ಎಲ್ಲಾರೂ ಸುಳ್ಳು ಹೇಳ್ತಾರೆ ಅಂತ ನೀವೇ ಹೇಳಿದ್ರಲ್ಲ. ಚೀಟಿ ಕೊಡಿ ಮಿಸ್ ಅವರಿಗೆ.”

ಅದನ್ನು ಹೇಳುವಾಗ ಪೆನ್ಸಿಲ್ ಮಿಸ್ ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ. “ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತಾರಲ್ಲ, ಅದೇ ನಾನು. ಮೂರು ವಾರ ದಿನಾ ಆ ಹುಡುಗಿಯನ್ನ ನಿಲ್ಲಿಸಿಕೊಂಡು ಅರ್ಥ ಆಯ್ತಾ, ಅರ್ಥ ಆಯ್ತಾ ಅಂತ ಕೇಳಿದೀನಿ. ಅವಳು ಪಾಪ ಆಯ್ತು ಅಂದಿದಾಳೆ. ಇನ್ನೇನು ಅಂತಾಳೆ? ನನ್ನ ಮುಖ ನೋಡಿದ್ರೆ ಯಾರಿಗಾದ್ರೂ ಆಗಿಲ್ಲ ಅನ್ನೋಕೆ ಧೈರ್ಯ ಬರುತ್ತಾ?”

ಪುಟ್ಟಿಗೆ ನಲ್ಲಿ ನಿಲ್ಲಿಸಲು ಹೇಳಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕಟ್ಟಿನಿಂದ ಒಂದು ಪಟ್ಟಿ ಹರಿದು, ಕಿವಿಯ ಸಂದಿಯಲ್ಲಿದ್ದ ಪೆನ್ಸಿಲ್ ತೆಗೆದು ಹೊಸ ಮಿಸ್ ಕೈಗೆ ಕೊಟ್ಟರು. “ನಾನು ಹೇಳಿದ್ದರಲ್ಲಿ ಏನು ಅರ್ಥ ಆಗಿಲ್ಲ, ಒಂದೇ ಸಾಲು ಬರಿ. ಬೈಯಲ್ಲ.” ಹೊಸ ಮಿಸ್ ನಲ್ಲಿಯ ಕಟ್ಟೆಯ ಮೇಲೆ ಪಟ್ಟಿ ಇಟ್ಟು ಬರೆದಳು, ಮಡಚಿ ಕೊಟ್ಟಳು, ತಿರುಗಿ ನೋಡದೆ ತರಗತಿಗೆ ಹೋದಳು.

ಚೀಟಿಯಲ್ಲಿ ಇದ್ದದ್ದು ಇಷ್ಟು: ‘ಎಲ್ಲಾ ಅರ್ಥ ಆಗಿದೆ ಮೇಡಂ, ತರಗತಿಯೊಳಗೆ ಕಾಲಿಟ್ಟರೆ ಒಂದೂ ಮಾಡಲು ಬರುವುದಿಲ್ಲ. ಯಾವುದರಿಂದ ಶುರು ಮಾಡಬೇಕು ಅಂತ ಮೊದಲನೇ ದಿನದಿಂದಲೂ ಗೊತ್ತಾಗಿಲ್ಲ.’

ಆ ಸಂಜೆ ಮನೆಯಲ್ಲಿ ನಲವತ್ತನಾಲ್ಕು ಚೀಟಿ. ಮೂರನೇ ಗುಡ್ಡೆಯ ಮೇಲೆ ಹೊಸ ಮಿಸ್ ಚೀಟಿ. ತಿಂಗಳುಗಟ್ಟಲೆ ಈಜು ಹೇಳಿಕೊಟ್ಟು ನೀರಿಗೇ ಇಳಿಸದವರ ಹಾಗಾಯಿತು ನನ್ನ ಕಥೆ ಎಂದು ಅವರು ತಮ್ಮನ್ನೇ ಬೈದುಕೊಂಡರು. ಯಜಮಾನರು ಸುಮ್ಮನಿದ್ದರು.

ಗುರುವಾರ ಬೆಳಿಗ್ಗೆ ಅವರು ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ, ಒಂದು ಪೀರಿಯಡ್ ತಮ್ಮ ತರಗತಿ ನೋಡಿಕೊಳ್ಳಬೇಕೆಂದು ಕೇಳಿದರು. ಅವರು ಸುತ್ತೋಲೆಗೆ ಉತ್ತರ ಬರೆಯುವುದಿದೆ ಎಂದರು. “ಎಂಬತ್ತೆರಡು ಮಕ್ಕಳನ್ನ ನೋಡ್ಕೊಳ್ಳೋಕೆ ನಾನಿದೀನಿ ಅಂದ್ರಲ್ಲ ಸರ್, ನಲವತ್ತಮೂರು ಮಕ್ಕಳನ್ನ ನಲವತ್ತು ನಿಮಿಷ ನೋಡ್ಕೊಳ್ಳೋಕೆ ನೀವಿಲ್ವಾ?” ಮುಖ್ಯೋಪಾಧ್ಯಾಯರು ಪೆನ್ನು ಕೆಳಗಿಟ್ಟು ಎದ್ದರು. ಹತ್ತೇ ನಿಮಿಷದಲ್ಲಿ ಗೋಡೆಯ ಈ ಕಡೆಯಿಂದ ಅವರದ್ದೂ ಒಂದು ಸೈಲೆನ್ಸ್ ಕೇಳಿಬಂತು ಎಂದು ಶಾಲೆಯೆಲ್ಲ ನಗುತ್ತಿದೆ.

ಪೆನ್ಸಿಲ್ ಮಿಸ್ ಆ ಕಡೆಯ ಕೋಣೆಯ ಕೊನೆಯ ಬೆಂಚಿನಲ್ಲಿ ಇಬ್ಬರು ಮಕ್ಕಳ ನಡುವೆ ತುರುಕಿಕೊಂಡು ಕೂತರು. ಬಾಯಿ ಬಿಡುವುದಿಲ್ಲ ಎಂದು ಹೊಸ ಮಿಸ್‌ಗೆ ಮಾತು ಕೊಟ್ಟಿದ್ದರು. ಅದು ಅವರ ಜೀವನದ ಅತ್ಯಂತ ಕಷ್ಟದ ನಲವತ್ತು ನಿಮಿಷವಂತೆ. ಹೊಸ ಮಿಸ್ ಕೇಳುತ್ತಾಳೆ: “ಏಳಕ್ಕೆ ಐದು ಸೇರಿಸಿದರೆ ಎಷ್ಟು?” ಮಾತು ಮುಗಿದು ಉಸಿರು ತೆಗೆದುಕೊಳ್ಳುವ ಮೊದಲೇ ಅವಳೇ “ಹನ್ನೆರಡು, ಅಲ್ವಾ?” ಎನ್ನುತ್ತಾಳೆ. “ಹೌದು ಮಿಸ್!” ಎಂದು ಮೂವತ್ತೊಂಬತ್ತು ಬಾಯಿ. ಮತ್ತೆ ಪ್ರಶ್ನೆ, ಮತ್ತೆ ಅವಳದೇ ಉತ್ತರ, ಮತ್ತೆ “ಹೌದು ಮಿಸ್!” ಪೆನ್ಸಿಲ್ ಮಿಸ್ ಒಂದು ಪಟ್ಟಿಯ ಮೇಲೆ ಗೀಟು ಹಾಕುತ್ತ ಹೋದರು. ಕೇಳಿದ ಪ್ರಶ್ನೆ ಐವತ್ತೆರಡು, ಅದರಲ್ಲಿ ನಲವತ್ತೊಂಬತ್ತಕ್ಕೆ ಉತ್ತರ ಕೊಟ್ಟವಳು ಹೊಸ ಮಿಸ್ ತಾನೇ. ಉತ್ತರ ಹೇಗೂ ಬಂದೇ ಬರುತ್ತದೆ ಎಂದು ಗೊತ್ತಿರುವ ಮಕ್ಕಳು ಬೆಂಚಿನ ಕೆಳಗೆ ತಮ್ಮ ಪಾಡಿಗೆ ತಾವು ಒಬ್ಬರ ಕಾಲಿಗೊಬ್ಬರು ಒದೆಯುತ್ತಿದ್ದರು. ಗಲಾಟೆ ಹುಟ್ಟುತ್ತಿದ್ದದ್ದೇ ಅಲ್ಲಿ.

ಮಧ್ಯಾಹ್ನದ ಬಿಡುವಿನಲ್ಲಿ ಪೆನ್ಸಿಲ್ ಮಿಸ್ ನಾಲಿಗೆಯ ತುದಿಯಲ್ಲಿ ಹದಿನೈದು ಸಲಹೆ ಇದ್ದವು. ಹದಿನಾಲ್ಕನ್ನು ನುಂಗಿದರು. “ನೋಡಮ್ಮ, ನಾನು ಇಲ್ಲಿ ತನಕ ಹೇಳಿದ್ದೆಲ್ಲ ಮರೆತುಬಿಡು. ಒಂದೇ ಒಂದು ಮಾಡು. ಪ್ರಶ್ನೆ ಕೇಳು, ಬಾಯಿ ಮುಚ್ಚು, ಮನಸ್ಸಿನಲ್ಲಿ ಐದು ಎಣಿಸು. ಆಕಾಶ ಕಳಚಿಬಿದ್ರೂ ಐದರ ತನಕ ಬಾಯಿ ಬಿಡಬೇಡ.” ಅರ್ಥ ಆಯ್ತಾ ಎನ್ನುವುದು ಗಂಟಲ ತನಕ ಬಂದಿತ್ತು, ಅದನ್ನೂ ನುಂಗಿ, “ಈಗ ನನ್ನ ಮೇಲೇ ಮಾಡಿ ತೋರಿಸು” ಎಂದರು. ಹೊಸ ಮಿಸ್ ಅವರನ್ನು ಲೆಕ್ಕ ಕೇಳಿದಳು, ಎರಡಕ್ಕೇ ಬಾಯಿ ಬಿಟ್ಟಳು. ಮತ್ತೆ ಕೇಳಿದಳು, ಮೂರಕ್ಕೆ ಬಿಟ್ಟಳು. ಎಂಟನೇ ಸಲಕ್ಕೆ ಐದು ಮುಟ್ಟಿದಳು. ನಲ್ಲಿಯ ಪಕ್ಕ ಇಬ್ಬರು ಟೀಚರುಗಳು ಒಬ್ಬರ ಮುಖ ಒಬ್ಬರು ನೋಡುತ್ತ ಮಾತಿಲ್ಲದೆ ನಿಂತದ್ದನ್ನು ನೋಡಿ, ಜಗಳವಾಗಿದೆ ಎಂದುಕೊಂಡ ತಾತ ಬಿಡಿಸಲು ಓಡಿಬಂದನಂತೆ.

ಶುಕ್ರವಾರ ಪೆನ್ಸಿಲ್ ಮಿಸ್ ಮತ್ತೆ ಕೊನೆಯ ಬೆಂಚಿನಲ್ಲಿದ್ದಾರೆ. ಹೊಸ ಮಿಸ್ ಬೋರ್ಡಿನ ಮೇಲೆ ಏನೂ ಬರೆಯದೆ ಕೇಳುತ್ತಾಳೆ: “ಏಳಕ್ಕೆ ಐದು ಸೇರಿಸಿದರೆ?” ತುಟಿ ಬಿಗಿ ಹಿಡಿಯುತ್ತಾಳೆ. ಅವಳ ಬಲಗೈ ಹೆಬ್ಬೆರಳು ಒಂದೊಂದೇ ಬೆರಳನ್ನು ಒತ್ತುವುದು ಕೊನೆಯ ಬೆಂಚಿಗೂ ಕಾಣುತ್ತದೆ. ಒಂದು. ಮಕ್ಕಳು ‘ಹೌದು ಮಿಸ್’ ಎನ್ನಲು ಬಾಯಿ ತೆರೆದು ಹಾಗೇ ನಿಲ್ಲುತ್ತಾರೆ, ಹೌದು ಎನ್ನುವುದಕ್ಕೆ ಏನೂ ಬಂದಿಲ್ಲ. ಎರಡು. ಕಾಲುಗಳು ನಿಲ್ಲುತ್ತವೆ. ಮೂರು. “ಮಿಸ್, ಹುಷಾರಿಲ್ವಾ?” ಎಂದು ಮುಂದಿನ ಬೆಂಚಿನಿಂದ ಒಂದು ಕಾಳಜಿ. ನಾಲ್ಕು. ಕಿಟಕಿಯ ಪಕ್ಕ ಕೂರುವ, ಎರಡು ತಿಂಗಳಿಂದ ಹಾಜರಿಗೆ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ತೆರೆಯದ ಹುಡುಗಿ ಮೆಲ್ಲಗೆ ಹೇಳುತ್ತಾಳೆ: “ಹನ್ನೊಂದು.”

ಹೊಸ ಮಿಸ್ ತಪ್ಪು ಎನ್ನಲು ಬಾಯಿ ತೆರೆದವಳು, ಕೊನೆಯ ಬೆಂಚಿನ ಕಡೆ ಒಮ್ಮೆ ನೋಡಿ, “ಹೇಗೆ ಬಂತು, ತೋರಿಸಮ್ಮ” ಎನ್ನುತ್ತಾಳೆ. ಹುಡುಗಿ ಎದ್ದು ಐದು ಬೆರಳು ಮಡಚಿ, ಒಂದೊಂದೇ ಬಿಡಿಸುತ್ತಾಳೆ: “ಏಳು, ಎಂಟು, ಒಂಬತ್ತು, ಹತ್ತು, ಹನ್ನೊಂದು.” ಎಂಟರಿಂದ ಎಣಿಸಬೇಕಾದವಳು ಏಳನ್ನೇ ಮೊದಲ ಬೆರಳಿಗೆ ಕೊಟ್ಟಿದ್ದಾಳೆ. ಇನ್ನೂ ಯಾರಿಗೆ ಹನ್ನೊಂದು ಬಂತು ಎಂದು ಹೊಸ ಮಿಸ್ ಕೇಳುತ್ತಾಳೆ. ಮೊದಲು ಎರಡು ಕೈ, ಬೈಗುಳ ಬರಲಿಲ್ಲವೆಂದು ಖಾತ್ರಿಯಾದ ಮೇಲೆ ಆರು, ಕೊನೆಗೆ ಆ ಹುಡುಗಿಯದೂ ಸೇರಿ ಹದಿನೇಳು ಕೈ.

ಬಿಡುವಿನಲ್ಲಿ ಹೊಸ ಮಿಸ್ ನಲ್ಲಿಯ ಕಟ್ಟೆಯ ಮೇಲೆ ಕೂತೇ ಬಿಡುತ್ತಾಳೆ. “ಎರಡು ತಿಂಗಳಿಂದ ಹೌದು ಮಿಸ್, ಹೌದು ಮಿಸ್ ಅಂತಿದ್ರು ಮೇಡಂ! ಹದಿನೇಳು ಮಕ್ಕಳು! ನಾನು ಎರಡು ತಿಂಗಳು ಯಾರಿಗೆ ಪಾಠ ಮಾಡಿದೆ?”

“ಗೋಡೆಗೆ” ಎನ್ನುತ್ತಾರೆ ಪೆನ್ಸಿಲ್ ಮಿಸ್, ಅವಳ ಪಕ್ಕ ಕೂರುತ್ತ. “ನಾನು ಮೂರು ವಾರ ನಿನಗೆ ಮಾಡಿದ ಹಾಗೆ. ಇವತ್ತು ಗೊತ್ತಾಯ್ತಲ್ಲ, ಅದೇ ದೊಡ್ಡದು. ಎಷ್ಟೋ ಜನಕ್ಕೆ ರಿಟೈರ್ ಆಗೋ ತನಕ ಗೊತ್ತಾಗಲ್ಲ.” ಶನಿವಾರದ ಬಗ್ಗೆ ಅವರು ಕೇಳಲಿಲ್ಲ. ಕೇಳಬೇಕೆಂದು ಜೀವ ಹೋಗುತ್ತಿತ್ತು, ಆದರೂ ಕೇಳಲಿಲ್ಲ.

ಶನಿವಾರ ಅರ್ಧ ದಿನ. ಬೆಳಿಗ್ಗೆ ಆರೂಕಾಲಕ್ಕೆ ಮತ್ತದೇ ಬೆಂಚು, ಅದೇ ಡಬ್ಬ, ಕೈ ಮಾತ್ರ ಎಂದಿಗಿಂತ ಜೋರು. ಎರಡು ಸೀಸ ಮೆಂಡರ್ ಒಳಗೇ ಮುರಿದವು. ಇನ್ನೆರಡು ವರ್ಷಕ್ಕೆ ನಿವೃತ್ತಿ, ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಸಿಡುಕುತ್ತಾರೆ. “ಮೇಜಿಗೆ ತಿರುಪು ಹಾಕಿ ಕೂರಿಸೋ ಹಿಡಿಕೆ ಮೆಂಡರ್ ಒಂದು ಬೇಕು ಅಂತ ಏಳು ವರ್ಷದಿಂದ ಅರ್ಜಿ ಕೊಡ್ತಾ ಇದೀನಿ. ಚಾರ್ಟು ಕಳಿಸ್ತಾರೆ.” ಸಿಪ್ಪೆಯ ಹಾಳೆಯನ್ನು ಮಡಚುತ್ತ ದನಿ ಇಳಿಸುತ್ತಾರೆ. “ಇನ್ನೊಂದು ಆಸೆ ಇದೆ. ನಾನು ಹೋದ ಮೇಲೂ ಈ ಎರಡು ಕೋಣೆಯಲ್ಲಿ ಇಬ್ಬರು ಟೀಚರುಗಳು ಇರ್ಬೇಕು. ಅಷ್ಟೇ. ಇದೇನು ಜಾಸ್ತಿ ಆಯ್ತಾ?”

ಹನ್ನೊಂದೂವರೆಗೆ ಗಂಟೆ ಹೊಡೆಯುತ್ತದೆ. ನಲವತ್ತಮೂರು ಚೀಟಿ ಕೈಗೆ ಬರುತ್ತವೆ, ಮಕ್ಕಳ ಹಿಂಡು ಗೇಟು ದಾಟುತ್ತದೆ. ಮುಖ್ಯೋಪಾಧ್ಯಾಯರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ಹೊಸ ಮಿಸ್ ದಾರಿ ಕಾಯುತ್ತಿದ್ದಾರೆ. ಅವಳು ಆ ಕಡೆ ಹೋಗದೆ ನೇರ ಗೇಟಿಗೆ ಬರುತ್ತಾಳೆ, ಚೀಲ ಹೆಗಲಲ್ಲಿದೆ. ಪೆನ್ಸಿಲ್ ಮಿಸ್ ಮುಂದೆ ನಿಂತು ಮಡಚಿದ ಒಂದು ಪಟ್ಟಿ ಚಾಚುತ್ತಾಳೆ. ಗೇಟಿನ ತಾತ ಬೀಗ ಹಿಡಿದ ಕೈಯನ್ನು ಹಾಗೇ ನಿಲ್ಲಿಸುತ್ತಾನೆ.

ಪೆನ್ಸಿಲ್ ಮಿಸ್ ಕನ್ನಡಕ ಹುಡುಕುತ್ತಾರೆ, ಅದು ತಲೆಯ ಮೇಲೇ ಇದೆ. ಚೀಟಿ ಬಿಚ್ಚುತ್ತಾರೆ. ಬೋರ್ಡಿನ ಮೇಲಿನದೇ ಮುತ್ತಿನ ಅಕ್ಷರ: ‘ಹನ್ನೊಂದು ಅಂದ ಹದಿನೇಳು ಮಕ್ಕಳಿಗೆ ಸೋಮವಾರ ಯಾವುದರಿಂದ ಶುರು ಮಾಡಲಿ?’

“ಇದನ್ನ ಬಾಯಲ್ಲಿ ಕೇಳೋಕೆ ಏನು ಧಾಡಿ ನಿನಗೆ?” ಎಂದು ಗದರುತ್ತಾರೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾರೆ, ಕಣ್ಣನ್ನೂ ಒರೆಸುತ್ತಾರೆ. ಔಷಧಿ ಅಂಗಡಿಯ ಮಾತು ಯಾರೂ ಎತ್ತುವುದಿಲ್ಲ. “ಬಿಟ್ಟು ಹೋಗೋರು ಸೋಮವಾರದ ಪಾಠ ಕೇಳ್ತಾರಾ ಮೇಡಮ್ಮೋರೇ?” ಎಂದು ತಾತ ಒಬ್ಬನೇ ಗೊಣಗುತ್ತಾನೆ.

ಉತ್ತರ ಅವರ ನಾಲಿಗೆಯ ಮೇಲೇ ಕೂತಿದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದರಿಂದ ಇಪ್ಪತ್ತರ ತನಕ ಮನೆ ಬರೆದು, ಮಗುವನ್ನು ಏಳರ ಮನೆಯಲ್ಲಿ ನಿಲ್ಲಿಸಿ, ಅಲ್ಲಿಂದ ಐದು ಸಲ ಹಾರಿಸಬೇಕು. ಹಾರಿದ್ದನ್ನು ಎಣಿಸಬೇಕೇ ಹೊರತು ನಿಂತದ್ದನ್ನಲ್ಲ. ಮೂವತ್ತೊಂದು ವರ್ಷ ಹಾರಿಸಿದ್ದಾರೆ. ಅವರು ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ.

“ನಿನಗೇನು ಅನ್ಸುತ್ತೆ?” ಎಂದು ಕೇಳಿ ಸುಮ್ಮನಾಗುತ್ತಾರೆ. ಚೀಟಿಯ ಕಟ್ಟು ಹಿಡಿದ ಅವರ ಕೈಯ ಹೆಬ್ಬೆರಳು ಒಂದೊಂದೇ ಬೆರಳನ್ನು ಒತ್ತುತ್ತದೆ.

ಹೊಸ ಮಿಸ್ ಚೀಲ ಕೆಳಗಿಳಿಸಿ, ಗೇಟಿನ ಪಕ್ಕದ ಮಣ್ಣಿನ ಮೇಲೆ ಚಪ್ಪಲಿಯ ತುದಿಯಿಂದ ಒಂದು ಗೀಟು ಎಳೆಯುತ್ತಾಳೆ. “ಹೀಗೆ ನೆಲದ ಮೇಲೆ ಬರೆದು ನಿಲ್ಲಿಸಿದರೆ ಹೇಗೆ ಮೇಡಂ?” ಎಂದು ಶುರು ಮಾಡುತ್ತಾಳೆ.

ಪೆನ್ಸಿಲ್ ಮಿಸ್ ಬರೆಯಲು ಬಂದವರ ಕಡೆ ತಿರುಗಿ, ಒತ್ತಿದ ಬೆರಳುಗಳನ್ನು ಎತ್ತಿ ತೋರಿಸುತ್ತಾರೆ.

“ಮೂರಕ್ಕೇ ಬಂತು, ನೋಡಿದ್ರಾ? ನಾಲ್ಕು ಎಣಿಸೋಕೇ ಬಿಡ್ಲಿಲ್ಲ.”